ಅಳಿಯನ ಕಾಲು ತೊಳೆದ ನೀರು

ಅಳಿಯನ ಪಾದಗಳನ್ನು ಹಿತ್ತಾಳೆಯ ಹರಿವಾಣದಲ್ಲಿ ಇರಿಸಿಕೊಂಡು ಶಾಸಕ ಕೋದಂಡರಾಮಯ್ಯ ತಂಬಿಗೆಯ ನೀರು ಸುರಿಯುತ್ತಿದ್ದರು. ಮಂಟಪದಲ್ಲಿ ನೆರೆದವರೆಲ್ಲ ಅಳಿಯನ ಕಾಲು ನೋಡುತ್ತಿದ್ದರೆ, ಹಿಂಬದಿಯ ಬಾಳೆಕಂಬದ ಪಕ್ಕ ನಿಂತ ಸಿ.ಐ. ಸೀತಾಪತಿ ಮಾತ್ರ ಮಾವನ ಕಾಲು ನೋಡುತ್ತಿದ್ದ.

ಮೊಣಕಾಲೂರಿ ಮುಂದಕ್ಕೆ ಬಾಗಿದ್ದರಿಂದ ಶಾಸಕರ ಅಂಗಾಲುಗಳೆರಡೂ ಹಿಂದಕ್ಕೆ ತಿರುಗಿದ್ದವು. ಮನೆಯ ಹೆಂಗಸರು ಬೆಳಿಗ್ಗೆ ಮದುವೆಯ ಶಾಸ್ತ್ರಕ್ಕೆಂದು ಕಾಲಿಗೆ ಹಚ್ಚಿದ್ದ ಪಾರಾಣಿಯ ಕೆಂಪು ಬಣ್ಣ ಅವುಗಳ ಮೇಲೆ ದಟ್ಟವಾಗಿ ಕೂತಿತ್ತು. ಹರಿವಾಣದಿಂದ ಚೆಲ್ಲಿದ ನೀರಿಗೆ ಪಂಚೆಯ ಅಂಚು ನೆನೆಯಿತು. ಅವರು ಅತ್ತಿತ್ತ ಸರಿದಾಗಲೆಲ್ಲ ಆ ಒದ್ದೆ ಅಂಚು ಅಂಗಾಲಿನ ಮೇಲೆ ಎಳೆದಾಡಿ ಕೆಂಪನ್ನು ಒರೆಸಿಹಾಕಿತು.

ಕೆಳಗೆ ಇನ್ನೊಂದು ಬಣ್ಣವಿತ್ತು. ಹಳೇ ಚಹದ ಕಲೆಯಂಥ ಕಂದು. ಅಂಗಾಲಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಕಣಕಾಲಿನ ಗಂಟಿನ ತನಕ ಏರಿ, ಅಲ್ಲಿ ಗೆರೆ ಎಳೆದಂತೆ ನಿಂತಿತ್ತು.

ಸೀಗಡಿ ಮರಿ ಮಾಡಿಸುವ ಹ್ಯಾಚರಿಯನ್ನು ನೋಡಿಕೊಳ್ಳುತ್ತಿದ್ದ ಕಾಮೇಶುವಿನ ಹೆಣ ಅಲ್ಲಿನ ತೊಟ್ಟಿಯಲ್ಲಿ ತೇಲಿ ಇಂದಿಗೆ ನಾಲ್ಕು ದಿನ. ಕೊಂದವನೆಂದು ಸೀತಾಪತಿಯೇ ಹಿಡಿದು ತಂದ ಕಾವಲುಗಾರ ಪೋಲಯ್ಯ ಇನ್ನೂ ಠಾಣೆಯ ಕಂಬಿಗಳ ಹಿಂದೆ ಕೂತಿದ್ದ.

"ಸಾರ್, ಪೂತರೇಕು ಸಿಹಿ ಎರಡನೇ ಸಲ ಬಡಿಸ್ತಿದಾರೆ," ಎಂದು ಹೆಡ್ ಕಾನ್‌ಸ್ಟೆಬಲ್ ಗುರ್ನಾಥಂ ಕಿವಿಯ ಹತ್ತಿರ ಬಂದ. "ಮೂರನೇ ಸಲ ಬರುತ್ತೆ ಅಂತ ನಂಬ್ಕೊಂಡು ನಿಲ್ಲಬೇಡಿ. ಶಾಸಕರ ಮಾತು ಗೊತ್ತಲ್ಲ."

"ನನ್ನ ಫೋನ್ ಕೊಡು."

ಗುರ್ನಾಥಂ ತನ್ನ ಎದೆಯ ಜೇಬಿನಿಂದ ತೆಗೆದು ಕೊಟ್ಟ. ಸಾಹೇಬರ ಫೋನು ಯಾವಾಗಲೂ ಅವನ ಬಳಿಯೇ ಇರುತ್ತಿತ್ತು. ಬಂದ ಕರೆಗಳಲ್ಲಿ ಸಾಹೇಬರಿಗೆ ತಲುಪಿಸತಕ್ಕವು ಯಾವುವು, ಅವನೇ ಬಗೆಹರಿಸಬಹುದಾದವು ಯಾವುವು ಎಂದು ಜರಡಿ ಹಿಡಿಯುವುದು ಅವನ ಕೆಲಸ. ಸಾಯುವ ಹಿಂದಿನ ಸಂಜೆ ಕಾಮೇಶು ಮಾಡಿದ ಕರೆಯನ್ನೂ ಅವನೇ ಎತ್ತಿದ್ದ. "ಹ್ಯಾಚರಿ ನಿಜವಾಗಿ ಯಾರದು ಅಂತ ಹೇಳಬೇಕಂತೆ, ನಾಳೆ ಬರಬೇಕಂತೆ" ಎಂದು ಸೀತಾಪತಿಗೆ ತಿಳಿಸಿದ್ದ. ಆ ನಾಳೆ ಸೀತಾಪತಿ ತಲುಪುವಷ್ಟರಲ್ಲಿ ಹೇಳಬೇಕಾದವನು ನೀರಿನಲ್ಲಿದ್ದ.

ಫೋನಿನಲ್ಲಿ ಚಿತ್ರಗಳಿದ್ದವು. ಮರಿಗಳ ಕೋಣೆಯ ಬಿಳಿ ಹಾಸುಗಲ್ಲಿನ ಮೇಲೆ ತೊಟ್ಟಿಯ ತನಕ ಹೋಗಿ, ಮರಳಿ ಬಂದ ಬರಿಗಾಲಿನ ಕಂದು ಗುರುತುಗಳು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಪೊಲೀಸ್ ಆದರೂ ಅಳತೆಪಟ್ಟಿ ಬಿಟ್ಟಿರಲಿಲ್ಲ.

ಹ್ಯಾಚರಿಯ ಬಾಗಿಲಲ್ಲಿ ನೇರಳೆ ನೀರಿನ ಅಗಲ ತಟ್ಟೆಯೊಂದು ಇರುತ್ತದೆ. ಪರ್ಮಾಂಗನೇಟ್ ಕದಡಿದ ನೀರು. ಅದರಲ್ಲಿ ಬರಿಗಾಲು ಅದ್ದದೆ ಒಳಗೆ ಹೋಗುವಂತಿಲ್ಲ. ಹೊರಗಿನ ರೋಗ ಕಾಲಿಗಂಟಿ ಒಳಹೊಕ್ಕರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿ ಮರಿಗಳು ತೊಟ್ಟಿಗೆ ತೊಟ್ಟಿಯೇ ಸಾಯುತ್ತವೆ. ತಟ್ಟೆಯಲ್ಲಿರುವಾಗ ನೇರಳೆ, ಕಾಲಿಗೋ ನೆಲಕ್ಕೋ ತಾಗಿ ಒಣಗಿದರೆ ಕಂದು. ಈ ಕರಾವಳಿಯಲ್ಲಿ ಹ್ಯಾಚರಿಯ ಜನರನ್ನು ಗುರುತಿಸಲು ಹೆಸರು ಕೇಳಬೇಕಿಲ್ಲ, ಕಾಲು ನೋಡಿದರೆ ಸಾಕು.

ಪೋಲಯ್ಯನ ಕಾಲು ಕಂದಾಗಿತ್ತು. ಕುಳ್ಳು ಮನುಷ್ಯ, ಸಣ್ಣ ಪಾದ, ಅಳತೆ ಹೊಂದಿತು. ಅಷ್ಟಕ್ಕೇ ಸೀತಾಪತಿ ಅವನ ಕೆನ್ನೆಗೆ ಹೊಡೆದಿದ್ದ. ಹ್ಯಾಚರಿಯ ಗೇಟಿನ ಮುಂದೆ, ಅವನ ಹೆಂಡತಿ ನೋಡುತ್ತಿದ್ದಂತೆ.

ಇವತ್ತು ಬೆಳಿಗ್ಗೆ ಆಕೆ ಎಂದಿನಂತೆ ಅನ್ನದ ಕ್ಯಾರಿಯರ್ ಹಿಡಿದು ಠಾಣೆಗೆ ಬಂದಿದ್ದಳು. ಎಂದಿನಂತೆ ಸೀತಾಪತಿಗೆ ಕೈಮುಗಿದಳು. ಕಂಬಿಯೊಳಗೆ ಪೋಲಯ್ಯ ಕಾಲು ಚಾಚಿ ಕೂತು ಗೋಂಗೂರ ಸೊಪ್ಪಿನ ಅನ್ನ ಕಲಸುತ್ತಿದ್ದ. ಅವನ ಹಿಮ್ಮಡಿ ಬೇಸಗೆಯಲ್ಲಿ ಒಣಗಿಸಿದ ಸೀಗಡಿ ಹೊಂಡದ ತಳದಂತೆ ಬಿರಿದಿತ್ತು. ಬೆರಳು ಇಳಿಯುವಷ್ಟು ಆಳದ ಬಿರುಕುಗಳು.

ಚಿತ್ರದಲ್ಲಿದ್ದ ಹಿಮ್ಮಡಿ ನುಣ್ಣಗಿತ್ತು. ಒಂದು ಬಿರುಕಿನ ಗೆರೆಯೂ ಇರಲಿಲ್ಲ.

ಅಳತೆಪಟ್ಟಿ ಇಟ್ಟವನಿಗೆ ಅದು ಕಾಣಿಸಿರಲಿಲ್ಲ. ಸೀತಾಪತಿ ಠಾಣೆಯ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅನ್ನ ತಿನ್ನುತ್ತಿದ್ದ ಮನುಷ್ಯನ ಕಡೆ ತಿರುಗುವ ಮುಖವಿರಲಿಲ್ಲ. ಪೊಲೀಸ್ ಕಸ್ಟಡಿಯ ಗಡುವು ನಾಳೆ ಮುಗಿಯುತ್ತದೆ. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ತಾನು ತನ್ನ ತಪ್ಪು ಒಪ್ಪಿಕೊಳ್ಳದಿದ್ದರೆ ಪೋಲಯ್ಯ ರಾಜಮಂಡ್ರಿಯ ಜೈಲಿಗೆ ಹೋಗುತ್ತಾನೆ. ಒಪ್ಪಿಕೊಂಡರೆ, ಹಾಗಾದರೆ ಆ ಹೆಜ್ಜೆ ಯಾರದು ಎಂದು ಕೇಳುತ್ತಾರೆ.

ಈಗ ಆ ಪ್ರಶ್ನೆಯ ಉತ್ತರ ರೇಷ್ಮೆ ಪಂಚೆ ಉಟ್ಟು ಅಳಿಯನ ಕಾಲು ತೊಳೆದ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಿದೆ ಎಂದು ಅವನಿಗನಿಸಿತು. ಆರು ವರ್ಷದಿಂದ ಹ್ಯಾಚರಿಯ ಮೆಟ್ಟಿಲು ಹತ್ತಿಲ್ಲ ಎಂದು ಎದುರಿಗೆ ಕೂತು ಹೇಳಿದ್ದ ಮನುಷ್ಯ. ಚುನಾವಣೆಯ ಹೊತ್ತಿಗೆ "ನನಗೆ ಜನಸೇವೆ ಬಿಟ್ಟು ಬೇರೆ ವ್ಯಾಪಾರ ಇಲ್ಲ" ಎಂದು ಪ್ರಮಾಣ ಮಾಡಿದವರು. ಬರುವ ಗುರುವಾರ ಮಂತ್ರಿಯಾಗುವವರು. ಮೀನುಗಾರಿಕೆ ಖಾತೆಯೇ ಎಂದು ಊರೆಲ್ಲ ಮಾತು.

ಕೊಲ್ಲಲು ಬಂದವನು ಅವಸರದಲ್ಲಿ ಬೂಟುಗಾಲಲ್ಲೇ ನುಗ್ಗುತ್ತಾನೆ. ತಟ್ಟೆಯಲ್ಲಿ ಕಾಲು ಅದ್ದಿ ಒಳಹೋಗುವವನು ಆ ಮರಿಗಳನ್ನು ಸಾಕಿದವನು. ಎಂಥ ಕೆಲಸಕ್ಕೆ ಬಂದರೂ ಕಾಲು ತಾನಾಗಿ ತಟ್ಟೆಗೆ ಇಳಿಯುತ್ತದೆ.

---

ವಧುವಿನ ಕಡೆಯವರಿಗೆ ಬಿಟ್ಟಿದ್ದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಸೀತಾಪತಿ ನಿಂತಾಗ ಕೋದಂಡರಾಮಯ್ಯ ಒದ್ದೆ ಪಂಚೆ ಬದಲಿಸಿ ಕುರ್ಚಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಊಟ ಆಯ್ತಾ ಸೀತಾಪತಿ ಗಾರು? ಹಲಸಿನಕಾಯಿ ಪಲ್ಯ ಚೆನ್ನಾಗಿದೆಯಂತೆ. ನನಗಂತೂ ಧಾರೆ ಮುಗಿಯೋ ತನಕ ಉಪವಾಸ."

"ನಿಮ್ಮ ಕಾಲು ನೋಡಬೇಕಿತ್ತು."

"ಅಳಿಯನ ಕಾಲು ನಾನು ತೊಳೆದೆ. ನನ್ನ ಕಾಲು ನೀವು ತೊಳೀತೀರಾ?"

ಸೀತಾಪತಿ ನಗಲಿಲ್ಲ. ಶಾಸಕರು ಲೋಟ ಕೆಳಗಿಟ್ಟರು. ಬಗ್ಗಿ ತಮ್ಮ ಪಾದಗಳನ್ನು ತಾವೇ ಒಮ್ಮೆ ನೋಡಿಕೊಂಡರು. ನಗೆ ಮುಖದಿಂದ ಮೆಲ್ಲನೆ ಇಳಿಯಿತು.

"ನಿಂಬೆಹಣ್ಣು ಉಜ್ಜಿದ್ರೆ ಹೋಗ್ತಿತ್ತು," ಎಂದರು. "ಗೊತ್ತಿಲ್ಲದೆ ಏನಲ್ಲ. ಮೀಸೆ ಬರೋ ಮುಂಚೆಯಿಂದ ಆ ಕಲೇನೇ ಕಾಲಲ್ಲಿ ಇಟ್ಕೊಂಡು ಬೆಳೆದವನು. ಬೇರೆಯವರ ಹ್ಯಾಚರಿಯಲ್ಲಿ ತೊಟ್ಟಿ ತೊಳೆದೆ, ಆಮೇಲೆ ನನ್ನದೇ ಕಟ್ಟಿದೆ, ಸರಪಂಚ ಆದೆ, ಶಾಸಕ ಆದೆ. ಬಣ್ಣ ಹೋಗಿ ಎಷ್ಟೋ ವರ್ಷ ಆಗಿತ್ತು. ಮತ್ತೆ ಹತ್ತಿತು. ಯಾಕೋ ಉಜ್ಜೋಕೆ ಕೈ ಬರಲಿಲ್ಲ. ಬೂಟು ಹಾಕ್ಕೊಂಡು ಓಡಾಡ್ತೀನಿ, ಯಾರಿಗೆ ಕಾಣುತ್ತೆ ಅಂದ್ಕೊಂಡೆ. ಮಗಳ ಮದುವೆಯಲ್ಲಿ ಬೂಟು ಬಿಚ್ಚಬೇಕು ಅನ್ನೋದು ಮರೆತೇ ಹೋಯ್ತು ನೋಡಿ."

"ಆ ಬೆಳಿಗ್ಗೆ ಹ್ಯಾಚರಿಗೆ ಹೋಗಿದ್ರಿ."

"ಹೋಗಿದ್ದೆ."

"ಕಾಮೇಶು ಬಾಯಿ ಮುಚ್ಚಿಸೋಕೆ."

"ಹೌದು." ಶಾಸಕರು ಒಂದಿಷ್ಟೂ ತಡೆಯಲಿಲ್ಲ. "ಕೈಮುಗಿಯೋಕೆ ಹೋಗಿದ್ದೆ. ಗುರುವಾರದ ತನಕ ಸುಮ್ಮನಿರಪ್ಪಾ ಅಂತ. ಹ್ಯಾಚರಿ, ಐಸ್ ಫ್ಯಾಕ್ಟರಿ, ಮೇವಿನ ಮಿಲ್ಲು, ಎಲ್ಲಾ ಬಾಮೈದನ ಹೆಸರಲ್ಲಿದೆ. ಅವನಿಗೆ ಗಂಡು ಸೀಗಡಿ ಯಾವುದು ಹೆಣ್ಣು ಯಾವುದು ಅಂತಾನೂ ಗೊತ್ತಿಲ್ಲ. ಹ್ಯಾಚರಿಗಳಿಗೆ ಕಾನೂನು ಮಾಡೋ ಸಮಿತಿಯಲ್ಲಿ ಕೂತು, ನನ್ನ ಹ್ಯಾಚರಿಗೆ ನೋವಾಗದ ಹಾಗೆ ಕಾನೂನು ಬರೆಸಿದೋನು ನಾನು. ಕಾಮೇಶುಗೆ ಅದು ಸಹಿಸೋಕಾಗಲಿಲ್ಲ. ಸರಿ ಇತ್ತು ಅವನದು."

"ಮಾತಿಗೆ ಮಾತು ಬೆಳೀತು. ತಳ್ಳಿದ್ರಿ."

ಕೋದಂಡರಾಮಯ್ಯ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಪಂಚೆಯನ್ನು ಮೊಣಕಾಲಿನ ತನಕ ಎತ್ತಿ, ಬಲಗಾಲನ್ನು ಮುಂದೆ ಚಾಚಿ ನೆಲದ ಮೇಲಿಟ್ಟರು.

"ನಿಮ್ಮ ಫೋನಲ್ಲಿ ಚಿತ್ರ ಇದೆಯಲ್ಲ. ತೆಗೀರಿ. ಅಳತೆ ನೋಡ್ರಿ."

ನೋಡಬೇಕಾದ ಅಗತ್ಯವೇ ಇರಲಿಲ್ಲ. ಆ ಕಾಲು ದೋಣಿಯ ಹುಟ್ಟಿನಂತೆ ಅಗಲವಾಗಿತ್ತು. ಸೀತಾಪತಿಯ ಬೂಟಿಗಿಂತ ಉದ್ದ. ಚಿತ್ರದ ಹೆಜ್ಜೆ ಅದರೊಳಗೆ ಕುಳಿತು ಇನ್ನೂ ಜಾಗ ಉಳಿಯುತ್ತಿತ್ತು.

ಬೆಳಿಗ್ಗೆ ಒಂದು ತಪ್ಪು ಕಂಡುಕೊಂಡವನು ಮಧ್ಯಾಹ್ನದೊಳಗೆ ಅದೇ ತಪ್ಪನ್ನು ಎರಡನೇ ಸಲ ಮಾಡಿದ್ದ. ಬಣ್ಣ ನೋಡಿದ್ದ, ಕಾಲು ನೋಡಿರಲಿಲ್ಲ.

"ನಾನು ಒಳಗೇ ಹೋಗಲಿಲ್ಲ," ಎಂದರು ಶಾಸಕರು. ದನಿ ತಗ್ಗಿತ್ತು. "ತಟ್ಟೆಯಲ್ಲಿ ಕಾಲಿಟ್ಟು ತಲೆ ಎತ್ತಿದೆ. ಎದುರು ತೊಟ್ಟಿಯಲ್ಲಿ ಕಾಮೇಶು, ಮುಖ ಕೆಳಗಾಗಿ. ಗಾಳಿ ಪೈಪಿನ ಗುಳ್ಳೆಗಳು ಅವನ ಅಂಗಿಯೊಳಗೆ ಹೊಕ್ಕು ಬೆನ್ನು ಮೇಲೆ ಕೆಳಗೆ ಆಗ್ತಿತ್ತು. ಉಸಿರಾಡ್ತಿದಾನೆ ಅಂದ್ಕೊಂಡೆ ಮೊದಲು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಆ ನೀರಲ್ಲೇ. ಅದಕ್ಕೇ ಇಷ್ಟು ಗಾಢ ಹತ್ತಿದೆ. ಇಪ್ಪತ್ತು ವರ್ಷ ನನ್ನ ಜೊತೆ ಉಂಡವನು. ಎತ್ತಿ ನೆಲದ ಮೇಲಾದರೂ ಮಲಗಿಸಬಹುದಿತ್ತು. ಗುರುವಾರ ನೆನಪಾಯ್ತು. ವಾಪಸ್ ಬಂದೆ."

ಹೊರಗೆ ನಾದಸ್ವರ ಜೋರಾಯಿತು. ಶಾಸಕರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

"ಆಗಲೇ ಹೇಳಬೇಕಿತ್ತು ನೀವು. ಪೋಲಯ್ಯ ಒಳಗಿದಾನೆ," ಎಂದ ಸೀತಾಪತಿ.

"ಹೇಳಬೇಕಿತ್ತು. ಹೊಡೆದಿದ್ದು ನಾನಲ್ಲ ಆದರೂ."

ಸೀತಾಪತಿ ಕಣ್ಣನ್ನು ಫೋನಿನ ಕಡೆ ಇಳಿಸಿದ.

"ಆಗಲೇ ಒಳಗೆ ಹೆಜ್ಜೆ ಬಿದ್ದಿದ್ವು," ಶಾಸಕರು ಮುಂದುವರಿಸಿದರು. "ಅಂಚು ಒಣಗಿ ನಡುವೆ ಇನ್ನೂ ನೇರಳೆ ಇತ್ತು. ಯಾರೋ ಆಗಷ್ಟೇ ಹೋಗಿದಾರೆ ಅಂತ. ಯಾರು ಅಂತಾನೂ ತಿಳೀತು. ಅದಕ್ಕೇ ನಿಮಗೆ ಹೇಳಲಿಲ್ಲ ಅಂದ್ರೆ ನಂಬ್ತೀರಾ?"

"ಯಾರು?"

"ಎರಡನೇ ಬೆರಳಿನ ಬುಡ ನೋಡ್ರಿ."

ಸೀತಾಪತಿ ಚಿತ್ರವನ್ನು ದೊಡ್ಡದು ಮಾಡಿದ. ಹೆಬ್ಬೆರಳಿನ ಪಕ್ಕದ ಬೆರಳಿನ ಬುಡದಲ್ಲಿ ಸಣ್ಣದೊಂದು ಅಡ್ಡಗೆರೆ. ಮೊದಲ ದಿನವೇ ಕಂಡಿದ್ದ. ಹಾಸುಗಲ್ಲಿನ ಸೀಳು ಎಂದುಕೊಂಡು ಬಿಟ್ಟಿದ್ದ. ಮುಂದಿನ ಹೆಜ್ಜೆಯ ಚಿತ್ರ ತೆಗೆದ. ಅಲ್ಲೂ ಇತ್ತು. ಎಡಗಾಲಿಗೂ ಇತ್ತು. ಪ್ರತಿ ಹೆಜ್ಜೆಗೂ ಸರಿಯಾಗಿ ಅದೇ ಜಾಗದಲ್ಲಿ ಕಲ್ಲು ಸೀಳುವುದಿಲ್ಲ.

"ಕಾಲುಂಗುರ," ಎಂದ.

"ನನ್ನ ಹ್ಯಾಚರಿಯಲ್ಲಿ ಹೆಂಗಸರು ಕೆಲಸಕ್ಕಿಲ್ಲ. ಹೊಂಡಕ್ಕೆ ಬೀಜ ಅಂತ ಮರಿ ಒಯ್ಯೋಕೆ ಬರೋರೆಲ್ಲ ಗಂಡಸರು. ತಾನೇ ಬಂದು, ತಟ್ಟೆಯಲ್ಲಿ ಕಾಲದ್ದಿ, ಲೋಟದಲ್ಲಿ ಮರಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಬೀಜ ಆರಿಸೋ ಹೆಂಗಸು ಈ ಸೀಮೆಗೆಲ್ಲ ಒಬ್ಬರೇ." ಕೋದಂಡರಾಮಯ್ಯ ನಿಧಾನವಾಗಿ ಎದ್ದರು. "ಉಪ್ಪುಕಾಲುವೆ ಪಕ್ಕದ ಹೊಂಡ ಯಾರ ಹೆಸರಲ್ಲಿದೆ ಸೀತಾಪತಿ ಗಾರು? ನನ್ನ ವ್ಯಾಪಾರ ಬಾಮೈದನ ಹೆಸರಲ್ಲಿ. ನಿಮ್ಮದು?"

ಆ ಹೊಂಡ ಇದ್ದದ್ದು ಸೀತಾಪತಿಯ ಹೆಂಡತಿ ಮಂಗತಾಯಾರು ಹೆಸರಲ್ಲಿ.

ಸರ್ಕಾರಿ ನೌಕರ ಇಲಾಖೆಗೆ ತಿಳಿಸದೆ ಸೀಗಡಿ ಹೊಂಡ ಮಾಡುವಂತಿಲ್ಲ. ಈ ಕಡೆ ತಿಳಿಸಿ ಮಾಡಿದವರನ್ನು ಅವನು ಕಂಡಿರಲಿಲ್ಲ. ಮೇಷ್ಟ್ರಿಗೆ ಹೊಂಡವಿತ್ತು, ತಹಸೀಲ್ದಾರರಿಗಿತ್ತು, ಎಲ್ಲವೂ ಹೆಂಡತಿಯರ ಹೆಸರಲ್ಲಿ. ತನ್ನದೂ ಹಾಗೇ ಎಂದುಕೊಂಡು ನೆಮ್ಮದಿಯಾಗಿದ್ದ. ಪ್ರತಿ ಸಲ ಒಳ್ಳೆಯ ಬೀಜವನ್ನೇ ಆರಿಸಿಕೊಟ್ಟವನು ಕಾಮೇಶು. ಸಿ.ಐ. ಸಾಹೇಬರ ಮನೆಯವರು ಎಂಬ ಮರ್ಯಾದೆಗೆ.

"ನಾನು ನಾಳೆ ಕೋರ್ಟಿಗೆ ಬಂದು ಕಂಡದ್ದನ್ನ ಹೇಳ್ತೀನಿ," ಎಂದರು ಶಾಸಕರು. "ಗುರುವಾರ ಹೋದರೆ ಹೋಗಲಿ. ಈ ಕಾಲಿನ ಬಣ್ಣ ಬೀಗರೂ ನೋಡಿದ್ರು, ಮಗಳೂ ನೋಡಿದ್ಲು. ಇನ್ನು ಮುಚ್ಚಿಟ್ಟು ಯಾರಿಗೆ ಮುಖ ತೋರಿಸಲಿ. ಆದರೆ ನನ್ನ ಮಾತು ನಿಮ್ಮ ಮನೆ ಬಾಗಿಲಿಗೆ ಬರುತ್ತೆ. ಅದಕ್ಕೆ ಮುಂಚೆ ನೀವೇ ಮನೆಗೆ ಹೋಗಿ ಕೇಳಿ."

---

ಗುರ್ನಾಥಂ ಜೀಪು ಓಡಿಸಿದ. ಮದುವೆಯ ಅಡುಗೆಯ ವಿಚಾರ ದಾರಿಯುದ್ದಕ್ಕೂ ಹೇಳಿದ. ಸೀತಾಪತಿ ಎರಡೂ ಕಡೆಯ ಹೊಂಡಗಳಲ್ಲಿ ತಿರುಗುತ್ತಿದ್ದ ಗಾಳಿಚಕ್ರಗಳನ್ನು ನೋಡುತ್ತ ಕೂತಿದ್ದ. ಮನೆಯ ಮುಂದೆ ಇಳಿಯುವಾಗ, ಅಭ್ಯಾಸಬಲದಿಂದ, ಫೋನನ್ನು ಗುರ್ನಾಥಂ ಕೈಗೆ ಕೊಟ್ಟ.

"ಇಲ್ಲೇ ಇರು. ಬಂದೆ."

ಮಂಗತಾಯಾರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕಾಲುಗಳು ಸ್ವಚ್ಛವಾಗಿದ್ದವು. ಅತಿ ಸ್ವಚ್ಛ. ಅಂಗಾಲು ಬೆಳ್ಳಗೆ, ಸುಲಿದಂತೆ.

"ಮದುವೆ ಊಟ ಬಿಟ್ಟು ಬಂದ್ರಾ? ಏನಾಯ್ತ್ರೀ?"

ಅವನು ಮಾತಾಡದೆ ಕೆಳಗಿನ ಮೆಟ್ಟಿಲಲ್ಲಿ ಕೂತ. ಅವಳ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಮದುವೆಯಾದ ದಿನ ಸನ್ನಿಕಲ್ಲೆಂಬ ಅರೆಯುವ ಕಲ್ಲಿನ ಮೇಲೆ ಈ ಕಾಲಿಟ್ಟು ಉಂಗುರ ತೊಡಿಸಿದ್ದ. ಅದರ ನಂತರ ಮುಟ್ಟಿದ್ದು ಇವತ್ತೇ ಇರಬೇಕು. ಎರಡು ಸುತ್ತಿನ ಬೆಳ್ಳಿಯ ಉಂಗುರವನ್ನು ಮೆಲ್ಲನೆ ಮುಂದಕ್ಕೆ ಸರಿಸಿದ.

ನಿಂಬೆಹಣ್ಣು ಅಲ್ಲಿ ತಲುಪಿರಲಿಲ್ಲ. ಉಂಗುರದ ಕೆಳಗೆ ಬೆರಳನ್ನು ಬಳಸಿ ಸಣ್ಣ ಕಂದು ಗೆರೆಯೊಂದು ಉಳಿದಿತ್ತು.

ತಾಯಾರು ಕಾಲು ಎಳೆದುಕೊಳ್ಳಲಿಲ್ಲ.

"ಇದನ್ನ ನೋಡೋಕೆ ನಿಮಗೆ ಇಷ್ಟು ದಿನ ಬೇಕಾಯ್ತಾ?" ಎಂದಳು. "ಇಲ್ಲ, ನೋಡದ ಹಾಗೆ ಇದ್ರಾ?"

"ಏನು ಮಾಡಿದೆ ತಾಯಾರು?"

ಅವಳು ಅವನನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ. ಈ ನಾಲ್ಕು ದಿನ ಅನ್ನ ಬಡಿಸುವಾಗಲೂ ಅವಳು ತನ್ನ ಮುಖ ನೋಡುತ್ತಿರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು.

"ನಾನು ಮಾಡಿದ್ದಾ? ನೀವು ಮಾಡಿದ್ದನ್ನ ಮುಚ್ಚೋಕೆ ಕಾಲು ಚರ್ಮ ಸುಲಿಯೋ ಹಾಗೆ ಉಜ್ಜಿದೆ. ಹೆಣ ಮುಟ್ಟಿ ನೋಡಿದೆ, ಹಿಮದ ಹಾಗಿತ್ತು. ಬಂದು ಸ್ನಾನ ಮಾಡಿದೆ. ಸಂಜೆ ನೀವು ಬಂದು ಪೋಲಯ್ಯನ್ನ ಹಿಡಿದೆ ಅಂದ್ರಿ. ಅವನ ಹೆಂಡತಿ ಬೀದಿಯಲ್ಲಿ ಎದುರಾದ್ರೆ ಗೋಡೆಗೆ ಸರಿದು ಹೋಗ್ತೀನಿ ನಾನು. ನಿಮ್ಮ ಹೆಂಡತಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

"ನಾನು ಮಾಡಿದ್ದು ಅಂದ್ರೆ?"

"ಹ್ಯಾಚರಿಗೆ ಕರೆಸಿದ್ದು ನೀವೇ ತಾನೇ? ಹೊಂಡದ ವಿಷಯ ಕಾಮೇಶು ಎಲ್ಲರಿಗೂ ಹೇಳೋನಿದಾನೆ, ಅಲ್ಲೇ ಮಾತಾಡ್ತಿದೀನಿ, ಬೇಗ ಬಾ ಅಂತ."

"ನಾನು ಆ ಬೆಳಿಗ್ಗೆ ರೈಲ್ವೆ ನಿಲ್ದಾಣದಲ್ಲಿ ಬಂದೋಬಸ್ತಿನಲ್ಲಿದ್ದೆ. ಫೋನೂ ನನ್ನ ಹತ್ತಿರ ಇರಲಿಲ್ಲ, ನಿನಗೆ ಮಾಡೇ ಇಲ್ಲ."

ತಾಯಾರು ಮಡಿಸುತ್ತಿದ್ದ ಬಟ್ಟೆ ಕೈಯಿಂದ ಜಾರಿತು. ಅವಳ ಕಣ್ಣು ಅವನ ಕಣ್ಣಿನಲ್ಲಿ ಸುಳ್ಳಿಗಾಗಿ ಹುಡುಕಿ, ಹುಡುಕಿ, ಸಿಗದೆ ಬೆದರಿತು.

"ನಿಮ್ಮ ಫೋನಿಂದಲೇ ಬಂತಲ್ಲ," ಎಂದಳು ಮೆಲ್ಲಗೆ. "ಮಾತಾಡಿದ್ದು ನೀವಲ್ಲ. ಸಾಹೇಬ್ರು ಪಕ್ಕದಲ್ಲೇ ಇದಾರೆ, ಹೀಗೆ ಹೇಳು ಅಂದ್ರು ಅಂತ..."

ಹಿತ್ತಿಲ ಬಾಗಿಲ ಬಳಿ ಬೂಟಿನ ಸದ್ದಾಯಿತು. ಅವಳು ಮಾತು ನುಂಗಿದಳು.

ಗುರ್ನಾಥಂ ಹೊಸಿಲಲ್ಲಿ ನಿಂತಿದ್ದ. ಎದೆಯ ಜೇಬಿನಲ್ಲಿ ಅದೇ ಫೋನು, ಕಾಮೇಶುವಿನ ಕರೆ ಬಂದದ್ದು, ತಾಯಾರಿಗೆ ಕರೆ ಹೋದದ್ದು. ಬಗ್ಗಿ ಬೂಟಿನ ದಾರ ಬಿಚ್ಚುವ ಅಭ್ಯಾಸವಿದ್ದವನು ಇವತ್ತು ಬಿಚ್ಚಿರಲಿಲ್ಲ.

"ಅಮ್ಮಗಾರು, ಬಿಸಿಲು ಜಾಸ್ತಿ. ಒಂದು ಲೋಟ ಮಜ್ಜಿಗೆ ಕೊಡ್ತೀರಾ?" ಎಂದು ಕೇಳಿ, ಸಾಹೇಬರ ತೊಡೆಯ ಮೇಲಿದ್ದ ಆ ಕಾಲನ್ನೂ ಸರಿದಿದ್ದ ಉಂಗುರವನ್ನೂ ನೋಡುತ್ತ, ಕೈಯನ್ನು ಹಿಂದೆ ಚಾಚಿ ಬಾಗಿಲಿನ ಅಗಳಿ ಹಾಕಿದ.